ನಲವತ್ತೊಂದನೇ ಟ್ಯೂಬು

ಜನವರಿ ೧೨, ಶುಕ್ರವಾರ

ಅತ್ತೆಯವರಿಗೆ ನಮಸ್ಕಾರ.

ಕ್ಲಿನಿಕ್ಕಿಗೆ ವಾಪಸು ಕಳಿಸಿದ ಖಾಲಿ ಐಸ್ ಪೆಟ್ಟಿಗೆಯ ಮುಚ್ಚಳದ ಕೆಳಗೆ, ಕಾಗದಪತ್ರ ಇಡುವ ಪ್ಲಾಸ್ಟಿಕ್ ಚೀಲದಲ್ಲಿ ಈ ಪತ್ರ ಕಂಡು ಗಾಬರಿಯಾಗಬೇಡಿ. ಇದು ನಮ್ಮ ಲ್ಯಾಬಿನ ನೋಟೀಸಲ್ಲ, ನಿಮ್ಮ ಸೊಸೆಯ ಪತ್ರ. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು", "ಮತ್ತೆ", "ಮತ್ತೇನಿಲ್ಲ" ಎನ್ನುವಷ್ಟರಲ್ಲಿ ಮಾತಿನ ದಾಸ್ತಾನು ಮುಗಿದು, ಫೋನನ್ನು ನಿಮ್ಮ ಮಗನ ಕೈಗೆ ದಾಟಿಸುತ್ತೇನೆ. ಮದುವೆಯಾಗಿ ಎರಡು ವರ್ಷವಾದರೂ ಇದೇ ಹಾಡು. ಆದರೆ ನೀವು ಪ್ರತಿ ಮಂಗಳವಾರ ಕ್ಲಿನಿಕ್ಕಿನಿಂದ ಸ್ಯಾಂಪಲ್ ಪೆಟ್ಟಿಗೆಯ ಜೊತೆ ಕಳಿಸುವ ಪಟ್ಟಿಯಲ್ಲಿ "ವಿಶೇಷ ಸೂಚನೆ" ಎಂಬ ಕಾಲಮ್ಮಿದೆಯಲ್ಲ, ಅದನ್ನು ಓದಿ ನಾನು ಒಬ್ಬಳೇ ನಗುತ್ತಿರುತ್ತೇನೆ. "೩೮ನೇ ಟ್ಯೂಬಿನ ಮುಚ್ಚಳ ಬಿಗಿಯಾಗಿದೆ, ತೆಗೆಯುವಾಗ ನನ್ನನ್ನು ಬೈಯತಕ್ಕದ್ದಲ್ಲ" ಎಂದು ಬರೆದಿದ್ದಿರಿ. ಅಷ್ಟು ಚಿಕ್ಕ ಕಾಲಮ್ಮಿನಲ್ಲಿ ಇಷ್ಟು ಮಾತಾಡುವವರು ಫೋನಿನಲ್ಲಿ ಯಾಕೆ ಬಾಯಿಗೆ ಬೀಗ ಹಾಕುತ್ತಾರೆ ಎಂದು ಯೋಚಿಸಿದೆ. ನಾನೂ ಹಾಗೇ ತಾನೆ. ಅದಕ್ಕೇ ಈ ಪತ್ರ.

ಈ ವಾರದ ಕಾಲಮ್ಮಿನಲ್ಲಿ ಪ್ರಶ್ನೆ ಕೇಳಿದ್ದೀರಿ: "ಹತ್ತಿ ಕಡ್ಡಿಯಲ್ಲಿ ಒರೆಸಿಕೊಂಡು ಹೋಗಿ ಏನು ಮಾಡ್ತೀರಿ ಅಂತ ಹೆಂಗಸರು ಕೇಳ್ತಾರೆ. ಏನು ಹೇಳಲಿ?" ಹೀಗೆ ಹೇಳಿ. ಹೆಂಗಸರ ಒಳದಾರಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿರುತ್ತವೆ. ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೆ ಇವು ದೂರದ ದಾಯಾದಿಗಳು. ಇವು ಹುಳಿ ಆಮ್ಲ ತಯಾರಿಸಿ ಆ ಜಾಗವನ್ನು ಕಾಯುತ್ತವೆ. ಇವು ಚೆನ್ನಾಗಿರುವ ಹೆಂಗಸರಿಗೆ ಹರ್ಪಿಸ್‌ನಂಥ, ಗುಪ್ತಾಂಗಕ್ಕೆ ತಗುಲುವ ವೈರಸ್‌ಗಳ ಕಾಟ ಕಡಿಮೆ ಎಂದು ಕಂಡುಬಂದಿದೆ. ಯಾವ ತಳಿ ಹೆಚ್ಚು ಗಟ್ಟಿ ಎಂದು ಹುಡುಕುವುದು ನನ್ನ ಮೂರು ವರ್ಷದ ಕೆಲಸ. ಅದಕ್ಕಾಗಿಯೇ ನಿಯಮ ಇಷ್ಟು ಕಟ್ಟುನಿಟ್ಟು: ಹದಿನೆಂಟರಿಂದ ನಲವತ್ತೈದರ ಒಳಗಿನವರು, ಆ ಕಾಯಿಲೆ ಎಂದೂ ಬಾರದವರು, ಒಪ್ಪಿ ಸಹಿ ಹಾಕಿದವರು, ಮತ್ತು ಕ್ಲಿನಿಕ್ಕಿನ ಸಿಬ್ಬಂದಿ ಅಲ್ಲದವರು. ಹೆಸರು ನಿಮ್ಮ ಬೀರುವಿನಲ್ಲಿ ಇರುತ್ತದೆ, ನನಗೆ ಬರುವುದು ಬರೀ ನಂಬರು.

ಐವತ್ತೂ ಟ್ಯೂಬು ತಲುಪಿದವು. ನಿಮ್ಮ ಶ್ರಮಕ್ಕೆ ಋಣಿ.

ನಿಮ್ಮ ಸೊಸೆ


ಜನವರಿ ೧೬, ಮಂಗಳವಾರ

ಸೊಸೆಗೆ ಆಶೀರ್ವಾದ.

ಪತ್ರ ಸಿಕ್ಕಿತು. "ಶ್ರಮಕ್ಕೆ ಋಣಿ" ಎಂದೆಲ್ಲ ಬರೆಯಬೇಡ, ನಿವೃತ್ತಿಯ ದಿನ ಶಾಲು ಹೊದಿಸಿದ ಹಾಗಾಗುತ್ತದೆ. ನನಗೆ ಇನ್ನೂ ನಾಲ್ಕು ವರ್ಷ ಸರ್ವೀಸಿದೆ.

ನೀನು ಹೇಳಿಕೊಟ್ಟದ್ದನ್ನು ನಿನ್ನೆಯೇ ಪ್ರಯೋಗಿಸಿದೆ, ಅದು ಎಡವಟ್ಟಾಯಿತು. ಮೊಸರಿನ ದಾಯಾದಿ ಎಂದೆನಲ್ಲ, ಕಾಯುವ ಕೋಣೆಯಲ್ಲಿದ್ದ ಹನ್ನೊಂದು ಜನರೂ ಕಿವಿ ನಿಮಿರಿಸಿದರು. ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬಾಕೆ "ಹಾಗಾದ್ರೆ ಸಿಸ್ಟರ್, ಮೊಸರು ಹಚ್ಕೊಂಡ್ರೆ ಆಯ್ತಲ್ಲ" ಎಂದಳು. ನಾನು "ಮೊಸರನ್ನ ಬಾಯಿಗೆ ಹಾಕ್ಕೋ, ಬೇರೆಲ್ಲೂ ಹಾಕ್ಬೇಡ. ಆ ದಾಯಾದಿಗಳು ಬೇರೆ, ಇವು ಬೇರೆ" ಎಂದು ಗದರಿದೆ. ಪಕ್ಕದಲ್ಲಿ ಕುಳಿತ ಮುದುಕಿ "ದಾಯಾದಿಗಳನ್ನ ನಂಬೋಕೆ ಆಗುತ್ತಾ" ಎಂದು ನನ್ನ ಪರ ವಹಿಸಿದಳು. ಎಲ್ಲರೂ ನಕ್ಕ ನಗು ಡಾಕ್ಟರ ಕೋಣೆಯವರೆಗೂ ಕೇಳಿಸಿ, ಅವರು ಬಾಗಿಲು ತೆಗೆದು ನೋಡಿದರು. ಇಂಥ ಕಾಯಿಲೆಯ ಮಾತಿಗೆ ಆ ಕೋಣೆಯಲ್ಲಿ ಜನ ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. ಎಲ್ಲರೂ ನೆಲ ನೋಡುತ್ತಾ ಕೂರುವ ಕೋಣೆ ಅದು.

ನನ್ನ ಮಗ ಈಜು ಕಲಿಸಿ ಬಂದ ಮೇಲೆ ಒದ್ದೆ ಟವಲನ್ನು ಹಾಸಿಗೆಯ ಮೇಲೆ ಬಿಸಾಡುತ್ತಾನೋ ಇಲ್ಲವೋ ಬರೆ. ಬಿಸಾಡಿದರೆ ಅದು ನನ್ನ ತಪ್ಪಲ್ಲ, ನಾನು ಹೇಳಿ ಸಾಕಾದವಳು.

ಅತ್ತೆ


ಮಾರ್ಚ್ ೧೫, ಶುಕ್ರವಾರ

ಅತ್ತೆ, ನಮಸ್ಕಾರ.

ಟವಲಿನ ವಿಚಾರಕ್ಕೆ ಇನ್ನೊಂದು ಪತ್ರ ಬೇಕು. ಇವತ್ತು ಅದಕ್ಕಿಂತ ದೊಡ್ಡ ಸುದ್ದಿಯಿದೆ.

ನಲವತ್ತೊಂದನೇ ಟ್ಯೂಬು ನಮ್ಮ ಲ್ಯಾಬನ್ನೇ ತಲೆಕೆಳಗು ಮಾಡಿದೆ. ಗಾಜಿನ ತಟ್ಟೆಗಳಲ್ಲಿ ಜೀವಕೋಶ ಬೆಳೆಸಿ, ಅವುಗಳ ಮೇಲೆ ಹರ್ಪಿಸ್ ವೈರಸ್ ಬಿಡುತ್ತೇವೆ. ಬೇರೆ ತಳಿಗಳ ರಸ ಹಾಕಿದ ತಟ್ಟೆಗಳಲ್ಲಿ ವೈರಸ್ ತಿಂದು ಮಾಡಿದ ತೂತುಗಳು ಮೂವತ್ತು, ನಲವತ್ತು, ಕೆಲವದರಲ್ಲಿ ನೂರಕ್ಕೂ ಮೇಲೆ. ನಲವತ್ತೊಂದರ ತಟ್ಟೆಯಲ್ಲಿ ಮೂರೇ ಮೂರು. ನಾನು ನಂಬಲಿಲ್ಲ. ಮತ್ತೆ ಮಾಡಿದೆ, ಎರಡು. ನಮ್ಮ ಮೇಡಂ, ಅಂದರೆ ನನ್ನ ಗೈಡು, ಯಾವುದಕ್ಕೂ ಹುಬ್ಬು ಏರಿಸದವರು, ಕನ್ನಡಕ ತೆಗೆದು ಒರೆಸಿ ಮತ್ತೆ ಎಣಿಸಿದರು.

ಈಗ ಲ್ಯಾಬಿನಲ್ಲಿ ಆ ತಳಿಯನ್ನು ಎಲ್ಲರೂ "ಯಜಮಾನ್ತಿ" ಎಂದೇ ಕರೆಯುತ್ತಾರೆ. ತನ್ನ ಮನೆಗೆ ಒಂದು ನೊಣವನ್ನೂ ಬಿಟ್ಟುಕೊಳ್ಳದ ಹೆಂಗಸು ಎಂದು. ಆ ಪುಣ್ಯಾತ್ಗಿತ್ತಿ ಯಾರೋ ಏನೋ, ಸಿಕ್ಕರೆ ಕೈಮುಗಿಯಬೇಕು ಎನಿಸುತ್ತದೆ. ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಗೆಲ್ಲುತ್ತದೆ ಎಂದೇನಿಲ್ಲ, ಗೊತ್ತು. ಆದರೂ ಮುಂದೆ ಇದರಿಂದ ಔಷಧಿಯೇ ಆಗಬಹುದು. ನನ್ನ ಇಡೀ ಪಿಎಚ್‌ಡಿ ಪ್ರಬಂಧ ಇನ್ನು ಇದರ ಮೇಲೇ ನಿಲ್ಲುತ್ತದೆ.

ಒಂದು ಉಪಕಾರ ಆಗಬೇಕು. ಆಕೆಯಿಂದ ಇನ್ನೊಂದು ಸ್ಯಾಂಪಲ್ ಬೇಕು. ಆ ಬ್ಯಾಕ್ಟೀರಿಯಾ ಈಗಲೂ ಅಲ್ಲೇ ನೆಲೆಸಿದೆಯೋ, ಜಾಗ ಖಾಲಿ ಮಾಡಿದೆಯೋ ನೋಡಬೇಕು. ದಯವಿಟ್ಟು ಆಕೆಯನ್ನು ಒಮ್ಮೆ ಕರೆಸಿ.

ನಿಮ್ಮ ಸೊಸೆ


ಮಾರ್ಚ್ ೧೯, ಮಂಗಳವಾರ

ಸೊಸೆಗೆ,

ಪತ್ರವನ್ನು ಎರಡು ಸಲ ಓದಿದೆ. ಯಜಮಾನ್ತಿ ಎಂಬ ಹೆಸರು ಅಷ್ಟೇನೂ ಕೆಟ್ಟದಾಗಿಲ್ಲ. ಮೂರೇ ತೂತು ಎಂದರೆ ಬಹಳ ಒಳ್ಳೆಯದೋ, ಸುಮಾರು ಒಳ್ಳೆಯದೋ? ಐವತ್ತು ಜನರಲ್ಲಿ ಅವಳೇ ಮೊದಲನೆಯವಳೋ? ಸುಮ್ಮನೆ ಕೇಳಿದೆ.

ನಲವತ್ತೊಂದು ಈಗ ಊರಲ್ಲಿಲ್ಲ. ಅಕ್ಕನ ಮನೆಗೆ ಹೋಗಿದ್ದಾಳೆ. ಯಾವಾಗ ಬರುತ್ತಾಳೋ ಹೇಳಲಾಗದು, ಅಕ್ಕತಂಗಿಯರು ಕೂತರೆ ಏಳುವುದುಂಟೆ? ಮೂವತ್ತಾರನ್ನು ಕರೆಸಲೇ? ಬಹಳ ಒಳ್ಳೆಯ ಹುಡುಗಿ, ಹೇಳಿದ ಸಮಯಕ್ಕೆ ಬರುತ್ತಾಳೆ.

ಮಗನಿಗೆ ಕೆಮ್ಮು ಎಂದು ಫೋನಿನಲ್ಲಿ ಹೇಳಿದ್ದೆಯಲ್ಲ, ಹೇಗಿದೆ?

ಅತ್ತೆ


ಏಪ್ರಿಲ್ ೫, ಶುಕ್ರವಾರ

ಅತ್ತೆ,

ಮೂವತ್ತಾರರ ತಟ್ಟೆಯಲ್ಲಿ ತೊಂಬತ್ತು ತೂತು. ಸಮಯಪಾಲನೆ ಕಟ್ಟಿಕೊಂಡು ನಾನೇನು ಮಾಡಲಿ?

ಕಳೆದ ವಾರ ಕಾಲಮ್ಮಿನಲ್ಲಿ "೪೧ಕ್ಕೆ ನೆಗಡಿ" ಎಂದು ಬರೆದಿರಿ. ನೆಗಡಿ ಮೂಗಿಗೆ ತಾನೆ ಅತ್ತೆ, ನನಗೆ ಮೂಗಿನ ಸ್ಯಾಂಪಲ್ ಬೇಡ. ಈ ವಾರ "೪೧ ಮನೆ ಬದಲಾಯಿಸಿದ್ದಾಳೆ, ವಿಳಾಸ ತಿಳಿಯದು" ಎಂದಿದೆ. ನೆಗಡಿ ಇಟ್ಟುಕೊಂಡು ಮನೆ ಬದಲಾಯಿಸಿದಳೇ?

ನಿಮಗೆ ಏನೋ ಕಷ್ಟವಿದೆ ಎಂದು ಅನಿಸುತ್ತಿದೆ. ಆಕೆ ಬರಲು ಒಪ್ಪದಿದ್ದರೆ ಹಾಗೆಂದೇ ಬರೆಯಿರಿ, ಅದು ಆಕೆಯ ಹಕ್ಕು. ಆದರೆ ಒಂದು ವಿಷಯ ನಿಮಗೆ ತಿಳಿದಿರಲಿ. ಮೇ ತಿಂಗಳ ಮೊದಲ ವಾರ, ಸಂಶೋಧನೆ ನಿಯಮದಂತೆ ನಡೆದಿದೆಯೇ ಎಂದು ನೋಡುವ ನೀತಿ ಸಮಿತಿಯವರು ನಿಮ್ಮ ಕ್ಲಿನಿಕ್ಕಿಗೆ ಬಂದು ಬೀರು ತೆಗೆಸಿ, ಐವತ್ತೂ ಒಪ್ಪಿಗೆ ಪತ್ರಗಳನ್ನು ನೋಡುತ್ತಾರೆ. ಒಂದೊಂದು ನಂಬರಿಗೂ ಫೋನ್ ಮಾಡಿ ವಿಚಾರಿಸುತ್ತಾರೆ.

ನಿಮ್ಮ ಸೊಸೆ


ಏಪ್ರಿಲ್ ೯, ಮಂಗಳವಾರ

ಮಗಳೇ,

ಬಾಗಿಲು ಹಾಕಿಕೊಂಡು ಒಬ್ಬಳೇ ಓದು. ಓದುವಾಗ ಕೈಯಲ್ಲಿ ಗಾಜಿನದು ಏನೂ ಇರಬಾರದು.

ನಲವತ್ತೊಂದು ನಾನೇ.

ಆ ದಿನ ಒಬ್ಬ ದರ್ಜಿ ಹೆಂಗಸು ಬಂದು, ಎಲ್ಲ ಕೇಳಿ, ಸಹಿ ಹಾಕಿ, ಪರದೆಯ ಹಿಂದೆ ಹೋದಳು. ಹತ್ತಿ ಕಡ್ಡಿಯ ಉದ್ದ ನೋಡಿ "ಅಯ್ಯೋ ಇದಾ, ನನ್ನಿಂದ ಆಗಲ್ಲ ಸಿಸ್ಟರ್" ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದಳು. ಹೊರಗೆ ವ್ಯಾನಿನವನು ಹಾರ್ನ್ ಒತ್ತುತ್ತಿದ್ದ. ೪೧ ಎಂದು ಚೀಟಿ ಅಂಟಿಸಿದ ಖಾಲಿ ಟ್ಯೂಬು ನನ್ನ ಕೈಯಲ್ಲಿತ್ತು. ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ.

ಹಾರ್ನಿನ ಕಥೆ ಅರ್ಧ ಸತ್ಯ. ಇನ್ನರ್ಧವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಂಗಳವಾರಕ್ಕೆ ಧೈರ್ಯ ಇರುವುದಿಲ್ಲ.

ಮೂವತ್ತು ವರ್ಷದ ಹಿಂದೆ, ನಿನ್ನ ಗಂಡ ಎರಡು ವರ್ಷದ ಮಗು, ನನಗೆ ಅಲ್ಲಿ ಗುಳ್ಳೆಗಳಾದವು. ನಾನು ನರ್ಸು, ನೋಡಿದ ಕೂಡಲೇ ಹರ್ಪಿಸ್ ಎಂದು ಗೊತ್ತಾಯಿತು. ಯಾರಿಂದ ಬಂತು ಎಂದೂ ನಾನೇ ತೀರ್ಮಾನಿಸಿದೆ. ನಿನ್ನ ಮಾವ ಆಗ ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದರು, ವಾರಕ್ಕೆ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ನಾನು ಒಂದು ಮಾತೂ ಕೇಳಲಿಲ್ಲ. ಬೆನ್ನು ನೋವು ಎಂದು ಹೇಳಿ ಹಾಸಿಗೆ ಬೇರೆ ಮಾಡಿದೆ. ಅವರು ಸಾಯುವವರೆಗೆ, ಇಪ್ಪತ್ತೊಂದು ವರ್ಷ, ನನಗೆ ಬೆನ್ನು ನೋವೇ. ಪಾಪ, ಅವರು ಎರಡು ವರ್ಷಕ್ಕೊಂದು ಹೊಸ ಹಾಸಿಗೆ ತರುತ್ತಿದ್ದರು. ಹತ್ತಿ, ತೆಂಗಿನ ನಾರು, ಸ್ಪ್ರಿಂಗು. ಪ್ರತಿ ಸಲ "ಈಗ ಹೇಗಿದೆ" ಎನ್ನುತ್ತಿದ್ದರು. ನಾನು "ಪರವಾಗಿಲ್ಲ" ಎನ್ನುತ್ತಿದ್ದೆ.

ಗುಳ್ಳೆ ಎರಡು ವರ್ಷ ಬಿಟ್ಟುಬಿಟ್ಟು ಬಂದವು. ಆಮೇಲೆ ನಿಂತೇಹೋದವು. ಯಾಕೆ ನಿಂತವು ಎಂಬ ಕುತೂಹಲ ನನಗೆ. ಒಳಗೆ ಯಾರಾದರೂ ಕಾಯುತ್ತಿದ್ದಾರೋ ಎಂದು ತಿಳಿಯುವ ಆಸೆಗೆ ಈ ಐವತ್ತನಾಲ್ಕರಲ್ಲಿ ನಿಯಮ ಮುರಿದೆ. ನಿನ್ನ ಪಟ್ಟಿಯಲ್ಲಿದ್ದ ಒಂದು ನಿಯಮವನ್ನೂ ಬಿಡದೆ ಮುರಿದೆ.

ನೀನು ಕೈಮುಗಿಯಬೇಕು ಎಂದು ಬರೆದಾಗ ನನಗೆ ಎಷ್ಟು ಖುಷಿಯಾಯಿತು ಎಂದರೆ, ಹೇಳಲು ನಾಚಿಕೆಯಾಗುತ್ತದೆ. ಎರಡು ದಿನ ಕನ್ನಡಿಯ ಮುಂದೆ ಹೋದಾಗೆಲ್ಲ ಯಜಮಾನ್ತಿಯ ಗತ್ತು. ಅದರ ನಂತರ ನಿನ್ನ ಮೂರು ವರ್ಷದ ಕೆಲಸವನ್ನು ನಾನೇ ಹಾಳು ಮಾಡಿದೆ ಎಂದು ತಲೆಗೆ ಹೋಯಿತು.

ಏನು ಮಾಡಬೇಕೋ ನೀನೇ ಮಾಡು. ಮಗನಿಗೆ ಮಾತ್ರ ಹೇಳಬೇಡ. ಅವನಿಗೆ ಅಪ್ಪ ಎಂದರೆ ಪ್ರಾಣ.

ಅತ್ತೆ


ಮೇ ೧೦, ಶುಕ್ರವಾರ

ಅತ್ತೆ,

ಒಂದು ತಿಂಗಳು ಬರೆಯಲಿಲ್ಲ. ಮೊದಲ ಹತ್ತು ದಿನ ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಡುಗೆಮನೆಯಲ್ಲಿ ಇಪ್ಪತ್ತು ತಟ್ಟೆ ತೊಳೆದು ಇಡುವಾಗ ಇಪ್ಪತ್ತು ಸಲ ನಿಮ್ಮನ್ನು ಬೈದೆ. ನಿಮ್ಮ ಮಗ "ಯಾಕೆ ಪಾತ್ರೆ ಕುಕ್ತಾ ಇದ್ದೀಯ" ಎಂದು ಕೇಳಿದರು. "ಲ್ಯಾಬಿನ ತಲೆನೋವು" ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು. ನಮ್ಮ ಮನೆಯಲ್ಲೂ ತಲೆನೋವು ಇಪ್ಪತ್ತೊಂದು ವರ್ಷ ನಡೆಯಬಾರದಲ್ಲ. ಅದಕ್ಕೆ "ಅತ್ತೆಯ ಒಂದು ವಿಷಯ ಇದೆ, ಅದನ್ನ ಹೇಳೋಕೆ ನನಗೆ ಅಧಿಕಾರ ಇಲ್ಲ, ಅವರನ್ನೇ ಕೇಳಿ" ಎಂದಷ್ಟು ಹೇಳಿದ್ದೇನೆ. ಅವರು ಇನ್ನೂ ನಿಮಗೆ ಫೋನ್ ಮಾಡಿಲ್ಲ ಎಂದರೆ ನಿಮ್ಮ ಮಗನೇ ಸರಿ.

ಅವರಿಗೆ ಅಷ್ಟು ಹೇಳಿದ ಮರುದಿನ ಮೇಡಂ ಹತ್ತಿರ ಹೋಗಿ ಟ್ಯೂಬಿನ ವಿಷಯ ಹೇಳಿದೆ. ಪತ್ರ ತೋರಿಸಲಿಲ್ಲ, ಮಾವನವರ ಸುದ್ದಿ ಎತ್ತಲಿಲ್ಲ. ಅವರು ಮುಖ ಮುಚ್ಚಿಕೊಂಡು ಕೂತರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ನೋಡಿದರೆ ಭುಜ ಕುಲುಕುತ್ತಿದೆ, ನಗುತ್ತಿದ್ದಾರೆ. "ಅಂದ್ರೆ ಒಂದು ತಿಂಗಳಿಂದ ಇಡೀ ಲ್ಯಾಬು ನಿಮ್ಮ ಅತ್ತೆನ ಹೊಗಳ್ತಾ ಇದೆಯೇನ್ರೀ? ನನ್ನ ಸೊಸೆ ಒಂದಿನಾನೂ ನನ್ನ ಹೊಗಳಿಲ್ಲ" ಎಂದರು. ನಗು ಮುಗಿದ ಮೇಲೆ ಗಂಭೀರವಾಗಿ ಸಮಿತಿಗೆ ಪತ್ರ ಬರೆಸಿದರು.

ಸಮಿತಿಯ ತೀರ್ಮಾನ ಹೀಗಿದೆ. ದರ್ಜಿ ಹೆಂಗಸಿನ ಒಪ್ಪಿಗೆ ಪತ್ರ ರದ್ದು. ಅಧ್ಯಯನ ನಲವತ್ತೊಂಬತ್ತು ಜನರ ಲೆಕ್ಕದಲ್ಲಿ ಮುಂದುವರಿಯುತ್ತದೆ. ನೀವು ಇನ್ನು ಸ್ಯಾಂಪಲ್ ತೆಗೆಯುವಂತಿಲ್ಲ, ರೋಗಿಗಳಿಗೆ ತಿಳಿವಳಿಕೆ ಹೇಳುವ ಸಲಹೆಯ ಮೇಜಿಗೆ ವರ್ಗ. ಯಜಮಾನ್ತಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು, ಆದರೆ ನೀವು ನಿಮ್ಮ ಹೆಸರಿನಲ್ಲಿ, ಆರೋಗ್ಯದ ಹಳೆಯ ವಿವರ ಇದ್ದದ್ದು ಇದ್ದ ಹಾಗೆ ಬರೆದು, ಹೊಸ ಒಪ್ಪಿಗೆ ಪತ್ರ ಕೊಟ್ಟರೆ ಮಾತ್ರ. ಅದನ್ನು ಸಮಿತಿಯ ಐದು ಜನ ಓದುತ್ತಾರೆ. ಮೇ ಇಪ್ಪತ್ತನಾಲ್ಕರೊಳಗೆ ಬರದಿದ್ದರೆ ತಳಿಯನ್ನು ಹಬೆಯಲ್ಲಿ ಬೇಯಿಸಿ ನಾಶ ಮಾಡಬೇಕು. ಫಾರಂ ಇದರೊಡನೆ ಇದೆ. ಅದು ಬಾರದಿದ್ದರೆ ನನ್ನ ಪ್ರಬಂಧ ಬಡವಾಗುತ್ತದೆ, ಸಾಯುವುದಿಲ್ಲ. ನಾನು ಒತ್ತಾಯಿಸುವುದಿಲ್ಲ.

ಇನ್ನು ನಿಮ್ಮ ಕುತೂಹಲಕ್ಕೆ ಉತ್ತರ. ಗುಳ್ಳೆ ನಿಂತದ್ದು ಈ ಬ್ಯಾಕ್ಟೀರಿಯಾದಿಂದಲೇ ಎಂದು ಹೇಳಲು ಬರುವುದಿಲ್ಲ. ವರ್ಷ ಕಳೆದಂತೆ ಅದು ಬಹಳ ಜನರಲ್ಲಿ ತಾನಾಗಿ ತಣ್ಣಗಾಗುತ್ತದೆ. ಮುಟ್ಟು ನಿಂತವರಲ್ಲಿ ಈ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಗಂಟುಮೂಟೆ ಕಟ್ಟುತ್ತವೆ, ನಿಮ್ಮಲ್ಲಿ ಇನ್ನೂ ಠಿಕಾಣಿ ಹೂಡಿರುವುದೇ ಒಂದು ಸೋಜಿಗ. ನನಗೆ ಗೊತ್ತಿರುವುದು ಅಷ್ಟೇ.

ನೀವು ಕೇಳದ ಇನ್ನೊಂದು ವಿಷಯವನ್ನೂ ಬರೆಯುತ್ತೇನೆ. ಈ ವೈರಸ್ ಒಂದು ಲಕ್ಷಣವನ್ನೂ ತೋರಿಸದೆ ಹತ್ತಾರು ವರ್ಷ ಮೈಯಲ್ಲಿ ಅಡಗಿರಬಲ್ಲದು. ಮಾವನವರಿಗೆ ನಿಮ್ಮನ್ನು ನೋಡುವ ಮೊದಲೇ ಇದ್ದಿರಬಹುದು, ಅವರಿಗೇ ಗೊತ್ತಿಲ್ಲದಿರಬಹುದು. ನೀವು ಅಂದುಕೊಂಡದ್ದೇ ನಿಜವೂ ಇರಬಹುದು. ಯಾವುದು ಎಂದು ಹೇಳುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ.

ಸಿಟ್ಟು ಇಳಿದಿದೆ. ನಿಮ್ಮ ಮೇಲಿನ ಪ್ರೀತಿಯಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ಸೊಸೆ


ಮೇ ೨೧, ಮಂಗಳವಾರ

ಮಗಳೇ,

ನಿನ್ನ ಪತ್ರದ ಕೊನೆಯ ಭಾಗ ಓದಿ ಈಗ ನನಗೆ ಸಿಟ್ಟು ಬಂತು. ಯಾರಿಗೆ ಪಾಠ ಹೇಳುತ್ತಿದ್ದಾಳೆ ಇವಳು ಎಂದುಕೊಂಡೆ. ವೈರಸ್ ಅಡಗಿರುತ್ತದೆ, ಯಾವಾಗ ಬಂತೆಂದು ಹೇಳಲಾಗದು, ದುಡುಕಬೇಡಿ ಎಂದು ನಾನೇ ಇದೇ ಕ್ಲಿನಿಕ್ಕಿನಲ್ಲಿ ನೂರಾರು ಹೆಂಗಸರಿಗೆ ಹೇಳಿದ್ದೇನೆ. ಗೋಡೆಗೆ ಅಂಟಿಸಿದ ಹಾಳೆಯಲ್ಲೂ ಅದೇ ಇದೆ, ಅಂಟಿಸಿದವಳೂ ನಾನೇ. ಫಾರಮನ್ನು ಮೇಜಿನ ಖಾನೆಗೆ ತುರುಕಿ ಬೀಗ ಹಾಕಿದೆ.

ಸಲಹೆಯ ಮೇಜು ಶಿಕ್ಷೆ ಎಂದು ಕೊಟ್ಟರು, ನನಗೆ ಬಡ್ತಿ ಸಿಕ್ಕ ಹಾಗಾಗಿದೆ. ಫ್ಯಾನು ಇದೆ, ಕಿಟಕಿ ಇದೆ, ಇಡೀ ದಿನ ಮಾತಾಡಬಹುದು. ಬೇಕರಿಯವಳು ಸುಮ್ಮನೆ ಬಂದು ಕೂತು, ಮೊಸರಿನ ಬಗ್ಗೆ ಹೊಸ ಹೊಸ ಸಂಶಯ ಕೇಳಿ ಹೋಗುತ್ತಾಳೆ.

ನಿನ್ನೆ ಬೆಳಿಗ್ಗೆ ಒಬ್ಬ ಹುಡುಗಿ ಬಂದಳು. ಹೂವಿನ ಅಂಗಡಿಯಲ್ಲಿ ಕೆಲಸ, ಮದುವೆಯಾಗಿ ಎಂಟು ತಿಂಗಳು. ಶುಕ್ರವಾರ ಡಾಕ್ಟರು ಹರ್ಪಿಸ್ ಎಂದು ಹೇಳಿದ್ದಾರೆ. ಜೊತೆಗೆ ದೊಡ್ಡ ಸೂಟ್‌ಕೇಸು. ಮಾತ್ರೆ ತೆಗೆದುಕೊಂಡು ಹಾಗೇ ತಾಯಿಯ ಮನೆಗೆ ಹೋಗುವವಳು. "ಅವನಿಗೆ ಹೇಳೇ ಇಲ್ಲ. ಹೇಳೋದೂ ಇಲ್ಲ. ತಲೆನೋವು, ಅಮ್ಮನ ಹತ್ರ ನಾಲ್ಕು ದಿನ ಇದ್ದು ಬರ್ತೀನಿ ಅಂದಿದೀನಿ" ಎಂದಳು.

ನಾನು ಗೋಡೆಯ ಹಾಳೆಯಲ್ಲಿರುವುದನ್ನೆಲ್ಲ ಹೇಳಿದೆ. ಅವಳು ಸೂಟ್‌ಕೇಸಿನ ಹಿಡಿ ಬಿಡಲಿಲ್ಲ. "ನಿಮಗೇನು ಸಿಸ್ಟರ್, ಹೇಳ್ತೀರ. ನಿಮಗೆ ಬಂದಿದ್ರೆ ಗೊತ್ತಾಗ್ತಿತ್ತು" ಎಂದಳು.

"ಬಂದಿದೆ" ಎಂದೆ.

ಮೂವತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ ಮಾತು. ಆಕಾಶವೇನೂ ಕಳಚಿ ಬೀಳಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು. ಹುಡುಗಿ ನನ್ನ ಮುಖವನ್ನೇ ನೋಡಿದಳು. ನಂತರ ಕೇಳಿದಳು, "ನಿಮ್ಮ ಯಜಮಾನ್ರು ಏನಂದ್ರು?"

"ನಾನು ಕೇಳ್ಲೇ ಇಲ್ಲ ಕಣಮ್ಮ. ಕೇಳೋಕೆ ಈಗ ಅವ್ರಿಲ್ಲ."

ಅವಳು ಸೂಟ್‌ಕೇಸಿನ ಹಿಡಿ ಬಿಟ್ಟು, ಫೋನ್ ತೆಗೆದುಕೊಂಡು ಕಾರಿಡಾರಿಗೆ ಹೋದಳು. ಮಧ್ಯಾಹ್ನ ಅವಳ ಗಂಡ ಬಂದ. ಎಲೆಕ್ಟ್ರಿಕ್ ಕೆಲಸದವನು, ಕಿಸೆಯಲ್ಲಿ ಇನ್ನೂ ಟೆಸ್ಟರ್ ಇತ್ತು. ನನ್ನ ಮೇಜಿನ ಮುಂದೆ ಇಬ್ಬರನ್ನೂ ಕೂರಿಸಿದೆ. ಅವಳು ಹೇಳಿದಳು. ಅವನು ಎರಡು ಲೋಟ ನೀರು ಕುಡಿದ, ಬೆವರು ಒರೆಸಿಕೊಂಡ, ಆಮೇಲೆ ಮಾತಾಡಲು ಶುರು ಮಾಡಿದ. ಏನು ಹೇಳಿದನೋ ನನಗೆ ಬೇಡ. ನಾನು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಬರುವಾಗ ಖಾನೆಯಿಂದ ಫಾರಂ ತೆಗೆದುಕೊಂಡಿದ್ದೆ. ಒಳಗೆ ಮೊದಲು ಅಳು ಕೇಳಿಸಿತು, ಜೋರು ಮಾತು ಕೇಳಿಸಿತು, ಆಮೇಲೆ ಬಹಳ ಹೊತ್ತು ಮೆಲುದನಿಯ ಮಾತು. ನನ್ನ ಕೋಣೆ ಖಾಲಿಯಾಗಲು ಒಂದೂವರೆ ಗಂಟೆ ಹಿಡಿಯಿತು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಫಾರಂ ತುಂಬುತ್ತಿದ್ದೆ.

ಸಂಜೆ ಮಗನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಅವನು "ಅಮ್ಮಾ, ಭಾನುವಾರ ಬರ್ತೀನಿ" ಎಂದ. ನೀನೂ ಬಾ. ಬರೀ ಅವನೊಬ್ಬನೇ ಬಂದರೆ ನಾನು ಒದ್ದೆ ಟವಲನ್ನು ಬಿಟ್ಟು ಬೇರೆ ಮಾತಾಡಲಾರೆ.

ಫಾರಂ ಪೆಟ್ಟಿಗೆಯಲ್ಲಿದೆ. ನಿಮ್ಮ ಯಜಮಾನ್ತಿಯನ್ನು ಬೇಯಿಸಬೇಡಿ. ವಯಸ್ಸು ಐವತ್ತನಾಲ್ಕು, ಕೆಲಸ ನರ್ಸು, ಈ ಕಾಯಿಲೆ ಹಿಂದೆ ಬಂದಿತ್ತೇ, ಹೌದು. ಸಹಿ ಕೂಡ ನನ್ನದೇ. ಅದರ ಎರಡನೇ ಪುಟದಲ್ಲಿ ಒಂದು ಪ್ರಶ್ನೆಯಿದೆ: "ಸೋಂಕು ಯಾರಿಂದ ಬಂತು?" ಈ ಮೂವತ್ತು ವರ್ಷದಲ್ಲಿ ಯಾವ ದಿನ ಕೇಳಿದ್ದರೂ ಪೆನ್ನು ಎತ್ತದೆ ನಿನ್ನ ಮಾವನ ಹೆಸರು ಬರೆಯುತ್ತಿದ್ದೆ. ನಿನ್ನೆ "ಗೊತ್ತಿಲ್ಲ" ಎಂದು ಬರೆದೆ.

ನಿನ್ನ ಅತ್ತೆ